ಆರನೆಯವಳು ಐದನೆಯವಳಾಗಿ ಬ್ಯಾಟು ಹಿಡಿದ ವಿಚಾರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕೂ ಸೀಮೆಗಳ ಸಮಸ್ತ ಕ್ರೀಡಾಭಿಮಾನಿ ಮಹಾಜನಗಳೇ, ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡೆಂದು ಇಂದಿಗೂ ನಂಬಿರುವ ಮುಗ್ಧ ಪೋಷಕರೇ, ಮೈದಾನದ ಕಾಂಪೌಂಡಿನ ಮೇಲೆ ಕೂತು ತೀರ್ಪು ಕೊಡುವ ಪಂಡಿತೋತ್ತಮರೇ, ಮತ್ತು ಇವರೆಲ್ಲರ ಸಮಕ್ಷಮದಲ್ಲಿ, ಹದಿನಾಲ್ಕು ವರ್ಷದೊಳಗಿನ ಬಾಲಕಿಯರ ಜಿಲ್ಲಾ ಮಟ್ಟದ ಸಾಫ್ಟ್‌ಬಾಲ್ ಪಂದ್ಯಾವಳಿಯ ತಾಂತ್ರಿಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಹೊರಡಿಸಿದ ಫಲಿತಾಂಶ ಪಟ್ಟಿಯ ಕೊನೆಯ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ಸಾಲು ಹೀಗಿದೆ: ‘ಆಟಗಾರ್ತಿ ನೂರೀನ್ ತನ್ನ ತಪ್ಪಿನಿಂದ ಸರದಿ ಮೀರಿ ಬ್ಯಾಟ್ ಮಾಡಿದ ಕಾರಣ ಚನ್ನಪಟ್ಟಣ ತಂಡ ಪರಾಭವಗೊಂಡಿದೆ.’ ಈ ಪಟ್ಟಿ ನಮ್ಮ ಸರ್ಕಾರಿ ಶಾಲೆಯ ಸೂಚನಾ ಫಲಕದ ಮೇಲೆ, ಬಿಸಿಯೂಟದ ವಾರದ ಪಟ್ಟಿಯ ಪಕ್ಕದಲ್ಲೇ ಅಂಟಿಕೊಂಡಿದೆ. ಇವತ್ತು ಸಾರು ಯಾವುದು ಎಂದು ನೋಡಲು ಬಂದ ಮಕ್ಕಳು ಸೋಲು ಯಾರದು ಎಂಬುದನ್ನೂ ಓದಿಕೊಂಡು ಹೋಗುತ್ತಾರೆ. ಹದಿಮೂರು ವರ್ಷದ ಹುಡುಗಿಯ ಹೆಸರನ್ನು ಹೀಗೆ ಗೋಡೆಗೆ ಹೊಡೆಯುವಂಥ ಅಪರಾಧ ಅವಳಿಂದ ಏನಾಯಿತು ಸ್ವಾಮಿ?

ಆಟ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಆಟ ಶುರುವಾಗುವ ಮುಂಚೆ ಯಾರ ಹಿಂದೆ ಯಾರು ಬ್ಯಾಟ್ ಮಾಡುತ್ತಾರೆ ಎಂದು ಪ್ರತಿ ತಂಡವೂ ಒಂದು ಕಾರ್ಡಿನಲ್ಲಿ ಬರೆದು ಕೊಡಬೇಕು. ಅದಕ್ಕೆ ಲೈನ್‌ಅಪ್ ಕಾರ್ಡ್ ಎನ್ನುತ್ತಾರೆ. ಸರದಿ ತಪ್ಪಿ ಬಂದವಳು ಚೆಂಡು ಹೊಡೆದಳೆನ್ನಿ. ಎದುರಾಳಿಗಳು ಕೂಡಲೇ ಕೈಯೆತ್ತಿದರೆ ಆ ಹೊಡೆತ ರದ್ದು, ನಿಜವಾಗಿ ಬರಬೇಕಾಗಿದ್ದವಳು ಔಟ್. ಕೈಯೆತ್ತದಿದ್ದರೆ ತಪ್ಪೇ ಇಲ್ಲ. ಅಂದರೆ ತಪ್ಪು ಎಂಬುದು ನಡೆದಾಗ ತಪ್ಪಲ್ಲ, ಯಾರಿಗಾದರೂ ಲಾಭವಾದಾಗ ಮಾತ್ರ ತಪ್ಪು. ಇಂಥ ನಿಯಮವನ್ನು ಬರೆದವರು ನಮ್ಮ ಕಡೆ ಗ್ರಾಮ ಪಂಚಾಯಿತಿಗೆ ನಿಂತು ಗೆದ್ದವರೇ ಇರಬೇಕು.

ನಾನು ಆ ಶಾಲೆಯ ಕನ್ನಡ ಮೇಷ್ಟ್ರು. ದೈಹಿಕ ಶಿಕ್ಷಕರ ಹುದ್ದೆ ಆರು ವರ್ಷದಿಂದ ಖಾಲಿ. ಖಾಲಿ ಹುದ್ದೆಗೂ ಕೆಲಸವಿರುತ್ತದೆ, ಆ ಕೆಲಸಕ್ಕೆ ನಾನಿದ್ದೇನೆ. ಸಂಧಿಗೂ ಸೈ, ಸಾಫ್ಟ್‌ಬಾಲಿಗೂ ಸೈ. ನೂರೀನಳ ತಂದೆ ಹುಸೇನ್ ಸಾಹೇಬರು ಗೊಂಬೆ ಮಾಡುವವರು. ಬುಗುರಿ ತಿರುಗಿಸುವ ಯಂತ್ರದಲ್ಲೇ ಮಗಳಿಗೊಂದು ಬ್ಯಾಟು ತಿರುಗಿಸಿ, ಗೊಂಬೆಗೆ ಬಳಿಯುವ ಹಳದಿ ಅರಗನ್ನೇ ಬಳಿದು ಕೊಟ್ಟಿದ್ದರು. ಪಂದ್ಯಕ್ಕೆ ನಡೆಯುವುದಿಲ್ಲ, ಅಭ್ಯಾಸಕ್ಕೆ ಚೆನ್ನ. ಆದರೆ ತಾಯಿ ಖುರ್ಷಿದಾ ಅವರು ಮೊದಲೇ ಹೇಳಿದ್ದರು: “ನೋಡಿ ಮೇಷ್ಟ್ರೇ, ಎಂಟನೇ ಕ್ಲಾಸ್ ಗಂಟ ಆಡ್ಲಿ. ವಿಭಾಗ ಮಟ್ಟಕ್ಕೆ ಹೋದ್ರೆ ಮುಂದಕ್ಕೂ ಆಡ್ಲಿ, ನಾನೇ ಟಿಫನ್ ಕಟ್ಕೊಡ್ತೀನಿ. ಇಲ್ಲಾಂದ್ರೆ ಇಲ್ಲಿಗೆ ಸಾಕು.” ಜಿಲ್ಲೆಯಲ್ಲಿ ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗುತ್ತದೆ. ನೂರೀನ್ ಈಗ ಎಂಟನೆಯ ತರಗತಿ.

ಅಂದು ರಾಮನಗರದ ಮೈದಾನದಲ್ಲಿ ಮಾಗಡಿ ತಂಡದ ವಿರುದ್ಧ ಫೈನಲ್ಲಿನ ಕೊನೆಯ ಇನಿಂಗ್ಸ್. ಅವರದು ಆರು ರನ್ನು, ನಮ್ಮದು ಐದು. ಇಬ್ಬರು ಔಟಾಗಿದ್ದರು, ಮೂರನೆಯವಳು ಔಟಾದರೆ ಆಟ ಮುಗಿದಂತೆ. ಜುವೇರಿಯಾ ಮೂರನೆಯ ಬೇಸಿನಲ್ಲಿ, ಆಗತಾನೇ ಹೊಡೆದು ಓಡಿದ ಮೆಹ್ರೀನ್ ಎರಡನೆಯದರಲ್ಲಿ. ನೂರೀನ್ ಬಂದು ನಿಂತಳು. ಮೊದಲ ಎಸೆತ ಬಿಟ್ಟಳು. ಎರಡನೆಯದು ಎಡಗಡೆಯ ಹುಡುಗಿಯ ತಲೆಯ ಮೇಲೆ ಹಾದು ನೀರಿನ ಟ್ಯಾಂಕಿನ ಬುಡಕ್ಕೆ ಹೋಗಿ ಬಡಿಯಿತು. ಇಬ್ಬರೂ ಬೇಸು ಸುತ್ತಿ ಬಂದು ಮನೆ ಮುಟ್ಟಿದರು, ಎರಡು ರನ್ನು, ಏಳು ಆರು, ನಾವು ಗೆದ್ದೆವು. ಹುಡುಗಿಯರು ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯುತ್ತಿರುವಾಗ ಮಾಗಡಿ ತಂಡದ ಗಂಗಯ್ಯ ಮೇಷ್ಟ್ರು ನಿಧಾನಕ್ಕೆ ಎದ್ದು, ಪಂಚಾಯಿತಿಯಲ್ಲಿ ಎತ್ತುವಂತೆ ಕೈಯೆತ್ತಿದರು. ಕಾರ್ಡಿನ ಪ್ರಕಾರ ಐದನೆಯವಳು ಭಾನುಪ್ರಿಯ, ಆರನೆಯವಳು ನೂರೀನ್!

ಅಂಪೈರ್ ಕಾರ್ಡು ನೋಡಿದರು, ನಿಮ್ಮನ್ನು ಕರೆದರು, ನೀವು ನಿಯಮದ ಪುಸ್ತಕ ತೆರೆದಿರಿ. ಹೊಡೆತ ರದ್ದಾಯಿತು. ಬ್ಯಾಟನ್ನೇ ಮುಟ್ಟದ ಭಾನುಪ್ರಿಯ ಔಟಾದಳು. ಮೂರೇ ನಿಮಿಷ ಗೆದ್ದಿದ್ದೆವು.

ನಾನು ಗಂಗಯ್ಯನವರನ್ನು ಕೇಳಿದೆ: “ಅಲ್ಲ ಸ್ವಾಮಿ, ಮೊದಲೆರಡು ಸುತ್ತಲ್ಲೂ ಇವಳು ಐದನೆಯವಳಾಗೇ ಬಂದಿದ್ದಳಲ್ಲ, ಆಗ ಯಾಕೆ ಸುಮ್ಮನಿದ್ದಿರಿ?”

“ಆಗ ಔಟಾಯ್ತಿದ್ಲಲ್ಲ ಮೇಷ್ಟ್ರೇ! ಔಟಾಗೋಳ್ನ ತಡ್ದು ನಾನೇನ್ ಮಾಡ್ಲಿ? ಮೊದುಲ್ನೇ ಸುತ್ತಿಂದ್ಲೂ ನೋಡ್ತಾನೇ ಇವ್ನಿ, ಟೈಮ್ ಬರ್ಲಿ ಅಂತ ಸುಮ್ಕಿದ್ದೆ.” ಹೋಗುವಾಗ ಭುಜ ತಟ್ಟಿ ಹೇಳಿದರು: “ಮಕ್ಕಳಿಗೆ ವ್ಯಾಕರಣ ಆಮೇಲ್ ಕಲ್ಸುವ್ರಂತೆ, ಒಸಿ ಎಣ್ಸೋದು ಕಲ್ಸಿ.”

ಇದು ನಿಮ್ಮ ನ್ಯಾಯವೇ? ಔಟಾದಾಗ ಅವಳ ಸರದಿ ಸರಿ, ಹೊಡೆದಾಗ ಮಾತ್ರ ಅದು ತಪ್ಪು! ಅದೇ ದಿನ ಬೆಳಿಗ್ಗೆ ಕನಕಪುರದ ಹುಡುಗಿಯೊಬ್ಬಳ ಅಂಗಿಯ ನಂಬರು ಕಾರ್ಡಿನಲ್ಲಿ ತಪ್ಪಿತ್ತು. ನೀವೇ ನಗುತ್ತಾ ಪೆನ್ನಿನಿಂದ ತಿದ್ದಿದಿರಿ. ನಂಬರು ತಪ್ಪಿದರೆ ತಿದ್ದುಪಡಿ, ಹೆಸರು ಅದಲುಬದಲಾದರೆ ಗಡಿಪಾರು. ಎರಡೂ ಕಾಗದದ ಮೇಲಿನ ತಪ್ಪೇ ಅಲ್ಲವೇ? ಕಾರ್ಡು ಬರೆಯುವವರು ದೊಡ್ಡವರು, ಓದುವವರು ದೊಡ್ಡವರು. ಆಡುವ ಮಕ್ಕಳು ಅದರ ಮುಖವನ್ನೂ ನೋಡಿರುವುದಿಲ್ಲ. ಶಿಕ್ಷೆ ಮಾತ್ರ ಅವರಿಗೆ.

ಇನ್ನೊಂದು ಸಂಗತಿಯನ್ನು ಸಾರ್ವಜನಿಕರ ಗಮನಕ್ಕೆ ತರಬಯಸುತ್ತೇನೆ. ನಮ್ಮ ಕಾರ್ಡನ್ನು ನಿಮ್ಮ ಮೇಜಿನಲ್ಲಿ ಕೂತಿದ್ದವರು ಇನ್ನೊಂದು ಹಾಳೆಗೆ ನಕಲು ಮಾಡಿಕೊಂಡರು. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಚಿತ್ರಾನ್ನ. ಐದು ಆರಾಗುವುದಕ್ಕೆ, ಆರು ಐದಾಗುವುದಕ್ಕೆ ಒಂದು ಕಡ್ಲೆಬೀಜ ಹಲ್ಲಿಗೆ ಸಿಕ್ಕಿದ ಗಳಿಗೆ ಸಾಕು. ನಮ್ಮ ಮಕ್ಕಳಿಗಂತೂ ಸರದಿ ಬಾಯಿಪಾಠವಿತ್ತು. ನಾನೇ ಪದ್ಯ ಕಟ್ಟಿ ಹೇಳಿಕೊಟ್ಟಿದ್ದೆ, ಬಸ್ಸಿನಲ್ಲಿ ಬರುವಾಗ ಒಂಬತ್ತೂ ಜನ ಅದನ್ನು ಕಿರುಚಿ ಕಂಡಕ್ಟರ್ ಕಿವಿ ಮುಚ್ಚಿಕೊಂಡಿದ್ದರು:

ನಾಲ್ಕಕೆ ನಿಲ್ಲಲಿ ಮೆಹ್ರೀನು
ಬೆನ್ನಿಗೆ ಬರಲಿ ನೂರೀನು
ಆಮೇಲ್ ಭಾನುಪ್ರಿಯ ನೀನು!

ಪದ್ಯ ಇಷ್ಟು ಸ್ಪಷ್ಟವಾಗಿರುವಾಗ ತಪ್ಪು ಯಾರ ಮೇಜಿನದು?

ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ “ಸಾಹೇಬ್ರು ಮೀಟಿಂಗ್ನಲ್ಲವ್ರೆ” ಎಂಬ ಉತ್ತರ ಸಿಕ್ಕಿತು. ಮೂರನೆಯ ಸಲ ಗುಮಾಸ್ತರು ಕನಿಕರಪಟ್ಟು, “ಸೋತಿದ್ದು ಸೋತಾಯ್ತಲ್ಲ ಸಾರ್, ಮಕ್ಳಾಟ, ಬುಟ್ಬುಡಿ” ಎಂದರು. ಬಿಡಬಹುದಿತ್ತು. ಆದರೆ ನೂರೀನ್ ಈಗ ಮೈದಾನಕ್ಕೆ ಬರುತ್ತಿಲ್ಲ. ಊಟದ ಗಂಟೆ ಹೊಡೆದರೆ ಎಲ್ಲರೂ ಹೋದ ಮೇಲೆ ತಟ್ಟೆ ಹಿಡಿದು ಬರುತ್ತಾಳೆ, ಆ ಫಲಕದ ಮುಂದೆ ಯಾರೂ ಇಲ್ಲದ ಹೊತ್ತು ನೋಡಿ. ಮೊನ್ನೆ ಹುಸೇನ್ ಸಾಹೇಬರು ಶಾಲೆಯ ಬಾಗಿಲಲ್ಲಿ ಸಿಕ್ಕರು. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಅವರು ಕೈ ಮುಗಿದರು.

“ಮಾಫ್ ಮಾಡಿ ಸಾರ್, ನಮ್ ಹುಡ್ಗಿಯಿಂದ ನಿಮ್ಗೆ ಕೆಟ್ಟ ಹೆಸ್ರು. ಅವ್ಳೇ ಒಪ್ಕೊಂಡವ್ಳೆ, ಗಾಬ್ರೀಲಿ ಬಂದ್ಬುಟ್ಟೆ ಅಂತ. ಐದು ಆರು ಎಣಿಸಕ್ ಬರ್ದಿದ್ ಮೇಲೆ ಯಾಕೆ ಆಡ್ಬೇಕು? ಅವ್ರ ಅಮ್ಮ ಬ್ಯಾಟ್ ತೆಗ್ದು ಅಟ್ಟಕ್ಕೆ ಹಾಕವ್ಳೆ.”

ನಾನೂ ಕೈ ಮುಗಿದು ಕಳಿಸಿದೆ. ನನ್ನ ಕೈಯಲ್ಲಿ ಏನಿತ್ತು? ಗೆಲುವು ನಿಮ್ಮ ಪುಸ್ತಕದಲ್ಲಿದೆ, ಹೆಸರು ನಿಮ್ಮ ಪಟ್ಟಿಯಲ್ಲಿದೆ.

ಆದ್ದರಿಂದ ನನ್ನ ಬೇಡಿಕೆಗಳು. ಗೆಲುವು ಬೇಡ, ಅದನ್ನು ಮಾಗಡಿಯವರೇ ಇಟ್ಟುಕೊಳ್ಳಲಿ. ಮೊದಲನೆಯದಾಗಿ, ಫಲಿತಾಂಶ ಪಟ್ಟಿಯಿಂದ ‘ತನ್ನ ತಪ್ಪಿನಿಂದ’ ಎಂಬ ಮಾತನ್ನು ತೆಗೆಯಿರಿ. ಎರಡನೆಯದಾಗಿ, ಮುಂದಿನ ವರ್ಷದಿಂದ ಆಟಕ್ಕೆ ಮುಂಚೆ ಎರಡೂ ತಂಡದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾರ್ಡನ್ನು ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಲಿ. ಎರಡು ನಿಮಿಷದ ಕೆಲಸ. ಮೂರನೆಯದಾಗಿ, ನಾವು ಕೊಟ್ಟ ಮೂಲ ಕಾರ್ಡನ್ನು ಎಲ್ಲರ ಎದುರು ತೆಗೆದು

ಬೇಡ. ತೆಗೆಯಬೇಡಿ. ಅದರಲ್ಲೂ ಐದು ಭಾನುಪ್ರಿಯ, ಆರು ನೂರೀನ್ ಎಂದೇ ಇದೆ. ನನ್ನದೇ ಅಕ್ಷರ. ಚಿತ್ರಾನ್ನ ತಿನ್ನುತ್ತಿದ್ದವರು ಸರಿಯಾಗಿಯೇ ನಕಲು ಮಾಡಿದ್ದಾರೆ. ಕಾರ್ಡು ಬರೆದಾದ ಮೇಲೆ ನಾನು ಪದ್ಯಕ್ಕೆ ಕೂತೆ. ಮೆಹ್ರೀನ್‌ಗೂ ನೂರೀನ್‌ಗೂ ನಡುವೆ ಭಾನುಪ್ರಿಯ ನಿಂತರೆ ಪ್ರಾಸ ಕೆಡುತ್ತಿತ್ತು, ಸರಿಸಿಬಿಟ್ಟೆ. ಕಾರ್ಡು ತಿದ್ದಲು ಮರೆತೆ. ಅಂಪೈರ್ “ಯಾರಮ್ಮ ನಿನಗೆ ಈಗ ಬಾ ಅಂದಿದ್ದು?” ಎಂದು ಕೇಳಿದಾಗ ನೂರೀನ್ ನನ್ನ ಮುಖ ನೋಡಿದಳು. ಆಗ “ಗಾಬರಿಯಲ್ಲಿ ಬಂದ್ಬುಟ್ಟವ್ಳೆ ಸಾರ್” ಎಂದು ಹೇಳಿದವನು ನಾನು. ನೀವು ಬರೆದದ್ದು ನಾನು ಹೇಳಿದ್ದನ್ನು. ಅವಳು ಮನೆಯಲ್ಲಿ ಹೇಳಿದ್ದೂ ಅದನ್ನೇ, ಅಕ್ಷರ ಬಿಡದೆ.

ಇಂತಿ,
ಆ ಸಾಲಿನಲ್ಲಿ ನೂರೀನಳ ಹೆಸರು ಹೊಡೆದುಹಾಕಿ ಅಲ್ಲಿ ಯಾರ ಹೆಸರು ಬರೆಯಬೇಕೋ ಅವನು,
ರಾಮಲಿಂಗಯ್ಯ, ಕನ್ನಡ ಶಿಕ್ಷಕ, ಚನ್ನಪಟ್ಟಣ