ಗೋಡೆ ಯಾರು, ಗುಟ್ಟು ಬಿಟ್ಟವರು ಯಾರು

ಜೂನ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಸೂಜಿಗೆ,

ಹೇಗಿದ್ದೀಯೇ? ಹೊಸ ಊರಿನ ನೀರು ಮೈಗೆ ಹಿಡಿಯಿತಾ? ಪ್ಲಾಸ್ಟರ್ ಧೂಳಿನ ಆ ಕೆಮ್ಮು ಕಡಿಮೆಯಾಯಿತಾ? ಬರೆಯುವುದು ತಡವಾಯಿತು, ಬೈಯಬೇಡ. ಕೈತುಂಬ ಕೆಲಸವಿತ್ತು ಅಂತ ನೆಪ ಹೇಳಬಹುದಿತ್ತು, ಆದರೆ ಹಲ್ಲಿನ ಸೆಟ್ಟು ಕಟ್ಟುವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ನನಗಿಂತ ಚೆನ್ನಾಗಿ ನಿನಗೇ ಗೊತ್ತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ.

ಹತ್ತು ದಿನದ ಹಿಂದೆ ನಿನ್ನ ಲಕೋಟೆ ಬಂತು. ಒಳಗೆ ನಮ್ಮ ಆಟದ ಸಂಘದ ನಿನ್ನ ಸದಸ್ಯತ್ವದ ಕಾರ್ಡು ಒಂದೇ ಇತ್ತು. ಒಂದು ಚೀಟಿ ಇಲ್ಲ, ಒಂದು ಸಾಲಿಲ್ಲ. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಅಂಟು ಬಿಚ್ಚಿ ನೋಡಿದೆ. ಅಂಚೆಯವನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಇದರಲ್ಲಿ ಒಂದು ಕಾಗದ ಇದ್ದಿರಬೇಕಲ್ಲ?" ಅಂತ ಕೇಳಿಯೂ ಬಿಟ್ಟೆ. "ಅಮ್ಮಾ, ನಿಮ್ಮ ಕಾಗದ ಇಟ್ಕೊಂಡು ನಾನೇನು ಮಾಡ್ಲಿ?" ಅಂದ. ಪಾಪ, ಅವನ ಮುಖ ನೋಡಿ ನಾಚಿಕೆಯಾಯಿತು. ಆದರೂ ಅವನು ಹೋಗುವವರೆಗೂ ಅವನ ಚೀಲದ ಮೇಲೇ ನನ್ನ ಕಣ್ಣು.

ಮುಂದಿನ ಋತುವಿಗೆ ತಂಡದ ನಾಲ್ಕು ಹೆಸರು ಈ ಇಪ್ಪತ್ತರೊಳಗೆ ಕೊಡಬೇಕು. ಮೂರು ಬರೆದಿದ್ದೇನೆ. ನಾಲ್ಕನೆಯ ಗೆರೆಯಲ್ಲಿ ಬೇರೆ ಯಾರ ಹೆಸರು ಬರೆಯುವುದಕ್ಕೂ ಕೈ ಬರುತ್ತಿಲ್ಲ. ನೀನು ಬರುತ್ತೀಯೋ ಇಲ್ಲವೋ ಅನ್ನುವುದು ನನಗೆ ತಿಳಿಯಬೇಕು. ಕೇಳುವುದಕ್ಕೆ ಮೊದಲು ನಾನು ಮಾಡಿದ್ದನ್ನು ನನ್ನ ಬಾಯಿಂದಲೇ ಹೇಳಬೇಕು.

ಇಲ್ಲಿ ನಿನ್ನ ಮೇಜಿಗೆ ಹೊಸಬಳು ಬಂದಿದ್ದಾಳೆ. ಮೇಣ ಕೆತ್ತುವ ಕೈ ಚೆನ್ನಾಗಿದೆ. ಆದರೆ ಬಾಯಿ ಬಿಡುವುದಿಲ್ಲ, ಮಧ್ಯಾಹ್ನದ ಬಿಡುವಿನಲ್ಲಿ ಬೆನ್ನು ತಿರುಗಿಸಿ ಕೂರುತ್ತಾಳೆ. ಅವಳೇನು ಮುಚ್ಚಿಡುತ್ತಿದ್ದಾಳೋ. ಮೊನ್ನೆ ನನ್ನ ಚಿಕ್ಕ ಬ್ರಷ್ಷು ಕಾಣೆಯಾಯಿತು. ಬರೀ ಗಮನಿಸುತ್ತಿದ್ದೇನೆ.

ನೀನು ಆ ಊರಿಗೆ ಹೋದ ಮೂರನೆಯ ವಾರಕ್ಕೆ ಗಡಿಯಾರ ರಿಪೇರಿಯವರ ತಂಡದ ಕೈಲಿ ನಾವು ಸೋತೆವಲ್ಲ, ಎಲ್ಲ ಶುರುವಾದದ್ದು ಅಲ್ಲಿಂದ. ಅವತ್ತು ಮನೆಗೆ ಬಂದಾಗ ನಮ್ಮ ಮನೆಯವರು, "ಆಟ ತಾನೇ, ಮುಖ ಯಾಕೆ ಹೀಗೆ?" ಅಂದರು. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ, ಅವರಿಗೆ ತಲೆಗೇ ಹೋಗುವುದಿಲ್ಲ. ಮತ್ತೆ ಮೊದಲಿಂದ ಹೇಳಿದೆ: ಆಟದ ಪರದೆಯ ಮೇಲೆ ಕಾದಾಡಿಸುವುದಕ್ಕೆ ಸಾವಿರ ಜೀವಿ ಇರಬಹುದು, ತಂಡಕ್ಕೆ ಸಿಗುವುದು ಆರೇ, ನಾಲ್ವರೂ ಒಬ್ಬೊಬ್ಬರಾಗಿ ಆ ಆರನ್ನೇ ಆಡಿಸಬೇಕು. ಒಂದೊಂದಕ್ಕೂ ಒಂದೊಂದು ಕೆಲಸ. ಎಷ್ಟು ಬಡಿದರೂ ಅಲ್ಲಾಡದೆ ನಿಲ್ಲುವ ಗೋಡೆ ಬೇಕು, ಅದಕ್ಕೆ ಕಲ್ಲಾಮೆ. ಒಂದೇ ಏಟಿಗೆ ಉರುಳಿಸುವುದಕ್ಕೆ ಕೆಂಡಗೂಳಿ. ಎದುರಾಳಿ ಕಣ್ಣು ಬಿಡುವುದರೊಳಗೆ ಹೊಡೆದು ಬರುವುದಕ್ಕೆ ಗಾಳಿನರಿ. ಬಂದವರ ಕಾಲಿಗೆ ಚುಚ್ಚಲಿ ಅಂತ ಮುಳ್ಳು ಹಾಸಿಡುವುದಕ್ಕೆ ಮುಳ್ಳುಗಪ್ಪೆ. ಎಲ್ಲರೂ ಸುಸ್ತಾದ ಮೇಲೆ ಉಳಿದದ್ದನ್ನು ಗುಡಿಸಿಹಾಕುವುದಕ್ಕೆ ಉಪ್ಪುಹಾವು. ಆರನೆಯದು ವೈದ್ಯ, ಏಟು ತಿಂದವರನ್ನು ಎಬ್ಬಿಸಿ ನಿಲ್ಲಿಸುವುದು.

"ಹಾಗಾದ್ರೆ ಬಲವಾಗಿರೋ ಆರು ಗೂಳಿನೇ ತಗೊಂಡ್ರೆ ಆಯ್ತಪ್ಪ," ಅಂದರು ನಮ್ಮ ಮನೆಯವರು.

"ಆರು ಗೂಳಿ ಕಟ್ಕೊಂಡು ಸಂಸಾರ ಮಾಡೋಕಾಗುತ್ತಾ?" ಅಂದೆ.

ಆದರೆ ಅವತ್ತಿನ ಆಟ ನೆನೆಸಿಕೋ. ನಾವು ಕಲ್ಲಾಮೆ ಬಿಟ್ಟರೆ ಅವರು ಕಲ್ಲು ಕರಗಿಸುವುದನ್ನು ಬಿಟ್ಟರು. ಕೆಂಡಗೂಳಿ ಬಿಟ್ಟರೆ ನೀರಿನದ್ದು ಸಿದ್ಧವಾಗಿತ್ತು. ನಾವು ಅಡುಗೆ ಮಾಡುವ ಮೊದಲೇ ಅವರು ಎಲೆ ಹಾಕಿಕೊಂಡು ಕೂತಿದ್ದರು. ನಮ್ಮ ಆರು ಜೀವಿಗಳ ಪಟ್ಟಿ ಯಾರೋ ಅವರಿಗೆ ಮೊದಲೇ ಕೊಟ್ಟಿದ್ದಾರೆ ಅಂತ ನನ್ನ ತಲೆಯೊಳಗೆ ಹುಳ ಬಿತ್ತು. ಬಿದ್ದ ಹುಳ ನನ್ನನ್ನು ಸುಮ್ಮನೆ ಬಿಡುತ್ತದಾ?

ಪಟ್ಟಿ ಗೊತ್ತಿದ್ದದ್ದು ತಂಡದ ನಾಲ್ವರಿಗೆ ಮಾತ್ರ. ನಾನು, ನೀನು, ಕ್ಲಿನಿಕ್ಕುಗಳಿಂದ ಹಲ್ಲಿನ ಅಚ್ಚು ತರುವ ಕೊರಿಯರಣ್ಣ, ಮತ್ತು ನನ್ನ ಮೈದುನ. ಎಲ್ಲರನ್ನೂ ಬಿಡದೆ ನೋಡತೊಡಗಿದೆ. ಕೊರಿಯರಣ್ಣ ಹೊಸ ಬೂಟು ಹಾಕಿಕೊಂಡು ಬಂದ. "ಎಲ್ಲಿಂದ?" ಅಂದೆ. "ಅಂಗಡಿಯಿಂದ," ಅಂದ. ಅಷ್ಟು ಚುಟುಕು ಉತ್ತರ ಯಾಕೆ ಕೊಟ್ಟ ಅಂತ ಎರಡು ದಿನ ಯೋಚಿಸಿದೆ. ಮೈದುನ ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕೂತು ಫೋನಿನಲ್ಲಿ ನಗುತ್ತಿದ್ದ, ನನ್ನನ್ನು ಕಂಡು ಕಿಟಕಿ ಏರಿಸಿದ. ಕಲಿಯುವವರೊಬ್ಬರು ಕಂಬಕ್ಕೆ ಗುದ್ದಿದ ಕತೆ ಹೇಳುತ್ತಿದ್ದನಂತೆ. ಇದ್ದರೂ ಇರಬಹುದು. ಇನ್ನು ನೀನು. ನಿನ್ನ ಹೊಸ ಲ್ಯಾಬು ಇರುವ ಬೀದಿಯಲ್ಲೇ ಗಡಿಯಾರದವರ ರಿಪೇರಿ ಅಂಗಡಿ.

ಆಗ ನಾನು ಬಲೆ ಹೆಣೆದೆ. ಇನ್ನು ಮುಂದೆ ಪಟ್ಟಿಯ ಮಾತು ಫೋನಿನಲ್ಲಿ ಬೇಡ, ಕಾಗದದಲ್ಲಿ ಮಾತ್ರ, ಒಬ್ಬರ ಕಾಗದ ಇನ್ನೊಬ್ಬರಿಗೆ ತೋರಿಸಬಾರದು ಅಂತ ಕಟ್ಟುನಿಟ್ಟು ಮಾಡಿದೆ. ಮತ್ತೆ ಗಡಿಯಾರದವರ ಎದುರೇ ಬಿದ್ದಿದ್ದ ಕೊನೆಯ ಸುತ್ತಿಗೆ ಐದು ಜೀವಿಗಳನ್ನು ಎಲ್ಲರಿಗೂ ಒಂದೇ ಬರೆದೆ. ವೈದ್ಯನನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬರೆದೆ. ಕೊರಿಯರಣ್ಣನಿಗೆ ಜೇನುಗೂಬೆ. ಮೈದುನನಿಗೆ ಮೋಡಕುರಿ. ನಿನಗೆ ಪಾಚಿಹಂದಿ. ಗಡಿಯಾರದವರು ಯಾವ ವೈದ್ಯನಿಗೆ ಮದ್ದು ಅರೆದುಕೊಂಡು ಬರುತ್ತಾರೋ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ ಅಂತ ಲೆಕ್ಕ. ನಿಜವಾದ ವೈದ್ಯ ದೀಪಮೀನು ಅನ್ನುವುದು ನನ್ನೊಬ್ಬಳ ತಲೆಯಲ್ಲಿ. ಆಟದ ಬೆಳಿಗ್ಗೆ ಎಲ್ಲರಿಗೂ ಸರಿಯಾದ ಪಟ್ಟಿ ಹೇಳಿ ನಾನೇ ಆಟ ನಡೆಸುವವರ ಮೇಜಿಗೆ ಕೊಡುವುದು ಅಂದುಕೊಂಡಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ ಕಣೇ.

ಪಾಚಿಹಂದಿಯನ್ನು ವೈದ್ಯ ಮಾಡುವವರು ಲೋಕದಲ್ಲೇ ಯಾರೂ ಇಲ್ಲ. ಅದು ಎದ್ದು ಬರುವಷ್ಟರಲ್ಲಿ ರೋಗಿ ಹೋಗಿರುತ್ತಾನೆ. ನೀನು ಅನುಮಾನಪಡಬಾರದು ಅಂತ ಅದರ ಗುಣಗಾನ ಎರಡು ಪುಟ ಬರೆದೆ, ಎಲ್ಲ ಸುಳ್ಳು. ವಾರ ಕಳೆದು ನಿನ್ನ ಉತ್ತರ ಬಂತು. "ಅಕ್ಕ, ಮೊದಲು ಈ ಹಂದಿ ಬರೀ ಮೊಂಡು ಅನ್ನಿಸ್ತು. ನೀನು ಹೇಳಿದ ಮೇಲೆ ಏನೋ ಇರಲೇಬೇಕು ಅಂತ ದಿನಾ ಕೆಲಸ ಬಿಟ್ಟ ಮೇಲೆ ಎರಡು ಗಂಟೆ ಆಡ್ತಿದೀನಿ. ಗೋಡೆ ಬೀಳೋದಕ್ಕೆ ಒಂದು ಸುತ್ತು ಮೊದಲೇ ಇದನ್ನ ಒಳಗೆ ಕರೆದರೆ ಸರಿಹೋಗುತ್ತೆ. ನೋಡ್ದೆಯಾ, ನಿನ್ನ ಗುಟ್ಟು ಹಿಡಿದೆ," ಅಂತ ಬರೆದಿದ್ದೆ. ನಾನು ಅದನ್ನು ಓದಿ ಏನಂದುಕೊಂಡೆ ಗೊತ್ತಾ? ಇಷ್ಟೊಂದು ಸಂತೋಷ ಯಾಕೆ, ಗಡಿಯಾರದವರಿಗೆ ಹೇಳಿ ಆಗಿರಬೇಕು, ಅಂತ.

ಆಟದ ಬೆಳಿಗ್ಗೆ ಎಂಟಕ್ಕೆ ನಮ್ಮ ಲ್ಯಾಬಿನ ಯಜಮಾನರ ಫೋನು. ಒಬ್ಬ ವಕೀಲರ ಹಲ್ಲಿನ ಸೆಟ್ಟು ನಡುವೆ ಸೀಳಿದೆ, ಹನ್ನೊಂದಕ್ಕೆ ಅವರು ನ್ಯಾಯಾಧೀಶರ ಮುಂದೆ ವಾದ ಮಾಡಬೇಕು. ಹಲ್ಲಿಲ್ಲದೆ ವಾದ ಮಾಡುವುದು ಹೇಗೆ? ಓಡಿದೆ. ಕೂಡಿಸಿ, ಉಜ್ಜಿ, ಹೊಳಪು ಕೊಡುವಾಗ ಒಂಬತ್ತೂಮುಕ್ಕಾಲು. ಹತ್ತಕ್ಕೆ ಪಟ್ಟಿ ಕೊಡದಿದ್ದರೆ ತಂಡದ ಹೆಸರನ್ನೇ ಹೊಡೆದುಹಾಕುತ್ತಾರೆ. ಫೋನು ನನ್ನ ಕೈಯಲ್ಲೇ ಇತ್ತು. "ವೈದ್ಯ ದೀಪಮೀನು, ಬರೆದು ಕೊಡಿ," ಅಂದಿದ್ದರೆ ಮುಗಿಯುತ್ತಿತ್ತು. ಫೋನಿನಲ್ಲಿ ಹೇಳಿದರೆ ಯಾರ ಕಿವಿಗೆ ಬೀಳುತ್ತದೋ ಅಂತ ಹೇಳಲಿಲ್ಲ. ಆಟೋ ಹಿಡಿದೆ.

ಅಷ್ಟರಲ್ಲಿ ಆಟದ ಜಾಗದಲ್ಲಿ ಏನಾಯಿತು ಅಂತ ಆಮೇಲೆ ಕೊರಿಯರಣ್ಣ ಹೇಳಿದ. ಮೊದಲ ಬಸ್ಸಿಗೆ ಬಂದು ನೀನು ಬಾಗಿಲಲ್ಲೇ ನಿಂತಿದ್ದೆಯಂತೆ. ಹತ್ತಕ್ಕೆ ಎರಡು ನಿಮಿಷ ಇರುವಾಗ, "ಅಕ್ಕ ಬರೆದ ಪಟ್ಟಿ ನನ್ನ ಹತ್ತಿರ ಇದೆ," ಅಂತ ಚೀಲದಿಂದ ತೆಗೆದು ಕೊಟ್ಟೆಯಂತೆ. ಮೊದಲ ಆಟಕ್ಕೆ ಕೂತ ಕೊರಿಯರಣ್ಣ ಪರದೆ ನೋಡಿ, "ನಮ್ಮ ಗೂಬೆ ಎಲ್ಲಿ? ಇದ್ಯಾವ ಹಂದಿ?" ಅಂದನಂತೆ. ಮೈದುನ ತನ್ನ ಚೀಟಿ ತೆಗೆದ. "ಎಲ್ಲಿಯ ಗೂಬೆ? ಅತ್ತಿಗೆ ಕುರಿ ಅಂತ ಬರೆದಿದಾರೆ."

ನಾನು ಮೆಟ್ಟಿಲು ಹತ್ತಿ ಒಳಗೆ ಬಂದಾಗ ಮೇಜಿನ ಮೇಲೆ ಮೂರು ಕಾಗದ ಸಾಲಾಗಿ ಹರಡಿದ್ದವು. ಮೂರರಲ್ಲೂ ನನ್ನ ಅಕ್ಷರ. ನೀನು ಒಂದೊಂದನ್ನೂ ಎರಡೆರಡು ಸಲ ಓದಿದೆ. ತಲೆ ಎತ್ತಿ ನನ್ನನ್ನು ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು. "ಬಾ ಅಕ್ಕ, ಕೂತ್ಕೋ, ಬೆವರಿದ್ದೀಯ," ಅಂದೆ. ನೆಲ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸಿತು.

ಕೊರಿಯರಣ್ಣ ಸೋತ. ಮೈದುನ ಸೋತ. ನಾನೂ ಸೋತೆ, ಆ ಹಂದಿಯನ್ನು ಯಾವಾಗ ಕರೆಯಬೇಕು ಅಂತ ನನಗೇ ಗೊತ್ತಿರಲಿಲ್ಲ. ಗೆದ್ದವಳು ನೀನೊಬ್ಬಳೇ. ಮೂರು ವಾರ ಅದರ ಜೊತೆ ಏಗಿದ್ದವಳು ನೀನು ತಾನೇ. ಗೆದ್ದು, ಕುರ್ಚಿ ಮೇಜಿನ ಕೆಳಗೆ ತಳ್ಳಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದೆ.

ನೀನು ಹೋದ ಮೇಲೆ ಗಡಿಯಾರದವರನ್ನು ಅಡ್ಡಗಟ್ಟಿದೆ. "ಹೋದ ಸಲ ನಮ್ಮ ಪಟ್ಟಿ ನಿಮಗೆ ಕೊಟ್ಟೋರು ಯಾರು? ಮುಖ ಕೊಟ್ಟು ಹೇಳಿ," ಅಂದೆ.

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ಒಂದು ಕ್ಷಣ ನೋಡಿದರು. "ಕೊಡೋಕೆ ಯಾರು ಯಾಕಮ್ಮ ಬೇಕು? ಏಳು ವರ್ಷದಿಂದ ನಿಮ್ಮ ಗೋಡೆ ಕಲ್ಲಾಮೆ. ಏಳು ವರ್ಷದಿಂದ ಕೆಂಡಗೂಳಿ. ಯಾವ ಕೆಲಸಕ್ಕೆ ಯಾರು ಅಂತ ನೀವು ಒಂದು ಸಲ ಒಪ್ಪಿದ್ರೆ ಮತ್ತೆ ಬಿಡೋರಲ್ಲ. ನಮ್ಮ ತಂಡದಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದೆ. ಆದ್ರೆ ಇವತ್ತು ಆ ಹುಡುಗಿ ಹಂದಿ ಬಿಟ್ಟಳಲ್ಲ, ನಮಗೆ ತಲೆಬುಡ ತಿಳೀಲಿಲ್ಲ," ಅಂದರು.

ನಂಬಲಿಲ್ಲ. ಮರುವಾರ ಅವರ ಅಂಗಡಿಗೇ ಹೋದೆ, ಸರಿಯಾಗಿಯೇ ನಡೆಯುತ್ತಿದ್ದ ಕೈಗಡಿಯಾರ ಹಿಡಿದುಕೊಂಡು. ನಿನ್ನ ಲ್ಯಾಬಿನ ಎದುರೇ ನಡೆದು ಹೋದೆ, ಒಳಗೆ ಬರಲಿಲ್ಲ, ಕ್ಷಮಿಸು. ಅವರು ಒಂದು ಹಳೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ನಾವು ಆಡಿದ ಆಟಗಳೆಲ್ಲ ತಾರೀಖಿನ ಸಮೇತ ಇವೆ. ಪುಟ ತಿರುವಿದಂತೆಲ್ಲ ಅದೇ ಆಮೆ, ಅದೇ ಗೂಳಿ. ಶಾಯಿ ಹೊಸದೇನೋ ಅಂತ ಬೆರಳಿನಿಂದ ಉಜ್ಜಿಯೂ ನೋಡಿದೆ. ಹಳೆಯದೇ. ನಮ್ಮಲ್ಲಿ ಯಾರೂ ಗುಟ್ಟು ಬಿಟ್ಟಿರಲಿಲ್ಲ. ಕೈಗಡಿಯಾರಕ್ಕೆ ಏನೂ ಆಗಿಲ್ಲ ಅಂತ ಅವರು ವಾಪಸ್ಸು ಕೊಟ್ಟರು.

ಕೊರಿಯರಣ್ಣ, "ಹೋಗ್ಲಿ ಬಿಡಕ್ಕ," ಅಂದ. ಆದರೆ ಈಗ ಅಚ್ಚಿನ ಪೆಟ್ಟಿಗೆ ಕೊಡುವಾಗ ಒಂದು, ಎರಡು, ಮೂರು ಅಂತ ನನ್ನೆದುರೇ ಎಣಿಸಿ ಸಹಿ ಹಾಕಿಸಿಕೊಳ್ಳುತ್ತಾನೆ. ಮೊದಲು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಮೈದುನ ನಾನು ಕೋಣೆಗೆ ಬಂದರೆ ಫೋನು ನನ್ನ ಮುಂದೆ ಹಿಡಿದು, "ನೋಡ್ಕೊಳ್ಳಿ ಅತ್ತಿಗೆ," ಅನ್ನುತ್ತಾನೆ. ತಮಾಷೆಯೇ. ಆದರೆ ನಗು ಬರುವುದಿಲ್ಲ.

ಈ ಕಾರ್ಡನ್ನು ಮತ್ತೆ ನಿನಗೇ ಕಳಿಸುತ್ತಿದ್ದೇನೆ. ಇಟ್ಟುಕೊಂಡರೆ ನಾಲ್ಕನೆಯ ಗೆರೆಯಲ್ಲಿ ನಿನ್ನ ಹೆಸರು ಬರೆಯುತ್ತೇನೆ. ಈ ಸಲ ಆರು ಜೀವಿಗಳನ್ನು ನೀನೇ ಆರಿಸು, ಗೋಡೆಯಿಂದ ಹಿಡಿದು ವೈದ್ಯನವರೆಗೆ. ನಾನು ಯಾಕೆ ಅಂತ ಒಂದು ಮಾತು ಕೇಳುವುದಿಲ್ಲ. ಕೇಳದೆ ಇರುವುದು ನನಗೆ ಎಷ್ಟು ಕಷ್ಟ ಅಂತ ನಿನಗೆ ಗೊತ್ತು. ಕಾರ್ಡು ಮತ್ತೆ ವಾಪಸ್ಸು ಬಂದರೆ ಅಂಚೆಯವನನ್ನು ಈ ಸಲ ಏನೂ ಕೇಳುವುದಿಲ್ಲ, ಅರ್ಥ ಮಾಡಿಕೊಳ್ಳುತ್ತೇನೆ.

ಊಟ ಹೊತ್ತು ಹೊತ್ತಿಗೆ ಮಾಡು. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಎಲ್ಲಿದ್ದರೂ ಚೆನ್ನಾಗಿರು, ನಿನ್ನ ಕೈಯ ಕೆಲಸವನ್ನು ನಾಲ್ಕು ಜನ ಮೆಚ್ಚಲಿ, ನಿನಗೆ ಒಳ್ಳೆಯದೇ ಆಗಲಿ.

ಇಂತಿ ನಿನ್ನ
ಎದುರು ಮೇಜಿನ ಅಕ್ಕ

ತಾ.ಕ.: ಮೂವರ ಮೇಲೂ ಅನುಮಾನವಿತ್ತು ಅಂತ ಮೇಲೆ ಬರೆದೆ. ಹಾಗೇ ಬಿಟ್ಟು ಲಕೋಟೆ ಅಂಟಿಸಿಬಿಡೋಣ ಅಂದುಕೊಂಡಿದ್ದೆ, ಆಗಲಿಲ್ಲ. ಅವರಿಬ್ಬರ ಪಟ್ಟಿ ನೆಪಕ್ಕೆ. ಬಲೆ ಒಡ್ಡಿದ್ದು ನಿನ್ನೊಬ್ಬಳಿಗೇ. ಕಳ್ಳಿ ನೀನೇ ಆಗಿರಲಿ ಅಂತ ಮೂರು ವಾರ ಮನಸ್ಸಿನಲ್ಲೇ ಬೇಡಿಕೊಂಡೆ. ನೀನು ಕೆಲಸ ಬಿಡುವ ವಿಷಯ ಯಜಮಾನರಿಗೆ ಒಂದು ತಿಂಗಳ ಮೊದಲೇ ಗೊತ್ತಿತ್ತು, ಕೊರಿಯರಣ್ಣನಿಗೂ ಗೊತ್ತಿತ್ತು. ಹನ್ನೊಂದು ವರ್ಷ ಎದುರು ಕೂತ ನನಗೆ ನೀನು ಹೇಳಿದ್ದು ಹೊರಡುವ ಹಿಂದಿನ ಸಂಜೆ, ಚೀಲಕ್ಕೆ ಜಿಪ್ ಎಳೆಯುತ್ತಾ. ನೀನು ಮೋಸಗಾತಿ ಅಂತ ಸಾಬೀತಾಗಿದ್ದರೆ ಹಾಳಾಗಿ ಹೋಗು ಅಂತ ಒಂದು ಸಲ ಅತ್ತು ಮುಗಿಸುತ್ತಿದ್ದೆ. ಹೋಗಬೇಡ ಅಂತ ಹೇಳುವುದಕ್ಕೆ ನನಗೆ ಒಂದು ದಿನವನ್ನಾದರೂ ಕೊಡಬಾರದಿತ್ತೇನೇ?