ಮಾಪೀಸು ಟೈಲರ್ ಎಲ್ಲಿದೆ

ನೈಫ್, ದುಬೈ
೫ ಜುಲೈ ೨೦೧೪

ಪ್ರೀತಿಯ ಉಮ್ಮಾ,

ಅಸ್ಸಲಾಮು ಅಲೈಕುಂ. ಮಂಡಿನೋವು ಹೇಗಿದೆ? ಉಪವಾಸವೆಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ, ಡಾಕ್ಟರು ಹೇಳಿದ ಹಾಗೆ ನಡೆಯಿರಿ. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಮಗನ ತಲೆಯೊಂದನ್ನು ಬಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ಒಂದೇ ಕೋಣೆಯ ಮನೆ, ಇವರ ಕಿವಿ ಪಕ್ಕದಲ್ಲೇ ಇರುತ್ತದೆ. ಅದಕ್ಕೇ ಊರಿಗೆ ಹೊರಟಿರುವ ಇಸ್ಮಾಯಿಲ್ ಕೈಯಲ್ಲಿ ಈ ಕಾಗದ.

ಎಲ್ಲ ಶುರುವಾದದ್ದು ನಿಮ್ಮ ಮೊಮ್ಮಗಳು ಫರ್ಝಾನ ಶಾಲೆಯಿಂದ ತಂದ ಒಂದು ಪುಸ್ತಕದಿಂದ. ನಾನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಒಬ್ಬ ದರ್ಜಿಯಿದ್ದನಂತೆ. ಹೊಲಿಗೆ ಬದಿಗಿಟ್ಟು ಬೀದಿ ಬೀದಿ ನಡೆದು, ಈ ಓಣಿಗೆ ಈ ಹೆಸರು ಯಾಕೆ, ಆ ಗೋಡೆ ಕಟ್ಟಿಸಿದವರು ಯಾರು ಎಂದು ಕೆದಕಿ ಕೆದಕಿ ಬರೆದಿಟ್ಟನಂತೆ. 'ಅವನೂ ದರ್ಜಿ, ನಾನೂ ದರ್ಜಿ' ಎಂದು ಇವರು ಎದ್ದು ಹೊರಟರು. ಆ ಪುಣ್ಯಾತ್ಮ ದುಡಿದದ್ದನ್ನೆಲ್ಲ ಹಳೇ ಪುಸ್ತಕಗಳಿಗೆ ಸುರಿದು, ಮುದಿವಯಸ್ಸಿನಲ್ಲಿ ಗತಿಯಿಲ್ಲದಾದಾಗ ರಾಜ ಏನು ಕೊಟ್ಟ ಗೊತ್ತೇ ಉಮ್ಮಾ? ಜನರಲ್ಲಿ ಬೇಡಿ ತಿನ್ನಬಹುದು ಎಂಬ ಅಪ್ಪಣೆ. ಆ ಪುಟವನ್ನು ಮಾತ್ರ ನಿಮ್ಮ ಮಗ ನನಗೆ ಓದಿ ಹೇಳಲಿಲ್ಲ. ಫರ್ಝಾನ ಹೇಳಿದಳು.

ಈಗ ಸಂಜೆಯ ಅಸರ್ ನಮಾಜಿಗೆಂದು ಅಂಗಡಿ ಬಿಟ್ಟರೆ ಇವರು ಇಫ್ತಾರಿನ ಹೊತ್ತಿಗೇ ಬರುವುದು. ನಡುವೆ ನೈಫಿನ ಹಳೇ ವ್ಯಾಪಾರಿಗಳನ್ನೆಲ್ಲ ಹಿಡಿದು, ಇಲ್ಲಿ ಮೊದಲು ಯಾವ ಅಂಗಡಿ, ಅದಕ್ಕೂ ಮೊದಲು ಏನಿತ್ತು ಎಂದು ವಿಚಾರಣೆ. ಸಾಲದ್ದಕ್ಕೆ ನೀವೂ ಉರಿಯುವ ಬೆಂಕಿಗೆ ತುಪ್ಪ ಸುರಿದಿರಿ. ಮಾವ ದುಬೈಗೆ ಬಂದ ಹೊಸದರಲ್ಲಿ ನೈಫಿನ 'ಮಾಪೀಸು ಟೈಲರ್'ನಲ್ಲಿದ್ದರು, ಕಣ್ಣು ಮುಚ್ಚುವ ಮೊದಲು ಆ ಜಾಗದ ಫೋಟೋ ನೋಡಬೇಕು ಎಂದಿರಲ್ಲ. ಅದು ಮಾಪೀಸು ಅಲ್ಲ, 'ಮಾಸ್ಟರ್‌ಪೀಸ್ ಟೈಲರ್ಸ್' ಇರಬೇಕು ಎಂದು ನಮ್ಮ ಪಂಡಿತರು ತೀರ್ಮಾನಿಸಿದರು. ಅಂಥ ಅಂಗಡಿಯನ್ನು ಕಂಡವರು ಇಡೀ ನೈಫಿನಲ್ಲಿ ಒಬ್ಬರೂ ಇಲ್ಲ.

ಇತ್ತ ಹಬ್ಬಕ್ಕೆ ಹೊಲಿಯಬೇಕಾದ ಅರಬರ ಉದ್ದಂಗಿಗಳು, ಆ ಕಂದೂರಗಳು, ಕತ್ತರಿಸಿದ ಬಟ್ಟೆಯಾಗಿಯೇ ಬಿದ್ದಿವೆ. ಅಂಗಡಿಯ ಮಾಲೀಕ ಅರಬಾಬ್ ನಿನ್ನೆ ನನ್ನೆದುರೇ ಹೇಳಿದ, ಈದ್‌ಗೆ ಕಂದೂರ ಮಾಫಿ ಅಂದರೆ ಯಾಕೂಬ್ ಖಲಾಸ್ ಎಂದು. ಕಂದೂರ ಇಲ್ಲದಿದ್ದರೆ ನಿಮ್ಮ ಮಗನಿಗೆ ಕೆಲಸವೂ ಇಲ್ಲ. ಅಂದರೆ ವೀಸಾ ಹೋಯಿತು, ಫರ್ಝಾನಳ ಶಾಲೆಯೂ ಹೋಯಿತು. ಅವನು ಅತ್ತ ಹೋದದ್ದೇ ಇವರು ನನ್ನನ್ನು ಕೇಳುತ್ತಾರೆ, ನೈಫ್ ಕೋಟೆ ಕಟ್ಟಿದ್ದು ಯಾವ ವರ್ಷ ಗೊತ್ತಾ ಸೂಫಿಯಾ ಎಂದು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮಗಳ ಹತ್ತಿರ ಹೇಳಿಕೊಂಡರೆ 'ಲೀವ್ ಹಿಮ್ ಮಮ್ಮಾ, ಹಿ ಈಸ್ ಹ್ಯಾಪಿ' ಎನ್ನುತ್ತಾಳೆ. ನನಗೆ ಭಯವಾಗುತ್ತಿದೆ ಉಮ್ಮಾ. ನೀವೇ ಒಂದು ಫೋನ್ ಮಾಡಿ, ಫೋಟೋವೂ ಬೇಡ ಏನೂ ಬೇಡ, ಸುಮ್ಮನೆ ಮಿಷನ್ ಮುಂದೆ ಕೂರು ಎಂದು ಗದರಿಸಿ.

ದುಆದಲ್ಲಿ ನಮ್ಮನ್ನು ನೆನೆಯಿರಿ, ನನ್ನ ತಾಳ್ಮೆಯನ್ನೂ ಸೇರಿಸಿಕೊಳ್ಳಿ.

ನಿಮ್ಮ ಸೊಸೆ,
ಸೂಫಿಯಾ

ವಿ.ಸೂ.: ಇಸ್ಮಾಯಿಲ್ ಕೆಳಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಈಗಷ್ಟೇ ಖರ್ಜೂರ ತರಲು ಹೋಗಿದ್ದೆ. ಅಂಗಡಿಯ ಮುದುಕ ಇರಾನಿ ನಿನ್ನೆ ತಾನೇ ಊರಿನಿಂದ ಮರಳಿದವರು, ಇವರ ವಿಚಾರಣೆಗೆ ಇನ್ನೂ ಸಿಕ್ಕಿಲ್ಲ. ನಾನೇ ಕೇಳಿಬಿಟ್ಟೆ. ಮಾಸ್ಟರ್‌ಪೀಸ್ ಎಂದಾಗ ತಲೆ ಅಲ್ಲಾಡಿಸಿದರು. ಮಾಪೀಸು ಎಂದದ್ದೇ ನಕ್ಕುಬಿಟ್ಟರು. ಅದು 'ಮಾಫಿ ಇಸಂ' ಅಂತೆ, ಹೆಸರಿಲ್ಲ ಎಂದು. ಎದುರಿನ ಓಣಿಯಲ್ಲಿ ಬೋರ್ಡೇ ಇಲ್ಲದ ಟೈಲರ್ ಅಂಗಡಿಯೊಂದಿತ್ತಂತೆ, ಯಾರು ಹೆಸರು ಕೇಳಿದರೂ ಒಳಗಿದ್ದವರು ಹಾಗೇ ಹೇಳುತ್ತಿದ್ದರಂತೆ. ಮಾವ ನಿಮಗೂ ಅದನ್ನೇ ಹೇಳಿರಬೇಕು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಇವರಿಗೆ ಹೇಳಿಲ್ಲ, ಹೇಳಿದರೆ ಹಬ್ಬದ ಬಟ್ಟೆಯ ಕಥೆ ಅಲ್ಲಿಗೇ ಮುಗಿಯಿತು. ಗದರಿಸುವಾಗ ನೀವೂ ಬಾಯಿ ಬಿಡಬೇಡಿ. ಹಬ್ಬದ ನಮಾಜು ಮುಗಿದ ಮೇಲೆ ನಾನೇ ಕರೆದುಕೊಂಡು ಹೋಗಿ ನಿಲ್ಲಿಸಿ, ಫೋಟೋ ತೆಗೆದು ನಿಮಗೆ ಕಳಿಸುತ್ತೇನೆ. ಅಂಗಡಿಗೆ ಹೆಸರಿರಲಿಲ್ಲ ಉಮ್ಮಾ, ಆದರೆ ಆ ಇರಾನಿಗೆ ಮಾವನ ಹೆಸರು ನೆನಪಿತ್ತು. ನಾನು ಹೇಳುವ ಮೊದಲೇ ಅವರೇ ಹೇಳಿದರು, ಹಸೈನಾರ್, ಎಡಗೈಯಲ್ಲಿ ಕತ್ತರಿ ಹಿಡಿಯುತ್ತಿದ್ದವರು ಎಂದು.