ಜಾಹೀರಾತಿನ ಅಂಚಿನಲ್ಲಿದ್ದ ಕೈ

ಭಾನುವಾರ, ಮಾರ್ಚ್ ೯

ಪ್ರೀತಿಯ ಪಿಟೀಲಿಗೆ ಅಣ್ಣನ ನೆನಪುಗಳು.

ಅರವತ್ತರ ಹತ್ತಿರ ಬಂದವಳನ್ನು ಈ ಹೆಸರಿನಿಂದ ಕರೆಯುವುದಕ್ಕೆ ಈಗ ಉಳಿದಿರುವವನು ನಾನೊಬ್ಬನೇ. ಚಿಕ್ಕಂದಿನಲ್ಲಿ ನೀನು ಅಳಲು ಶುರುಮಾಡಿದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ನಿನ್ನ ಮೂರು ಕಾಗದ ಬಂದಿವೆ, ನನ್ನಿಂದ ಒಂದು ಸಾಲೂ ಹೋಗಿಲ್ಲ. ಮಂಡಿ ನೋವೆಂದು ನೆಪ ಹೇಳಬಹುದು. ಆದರೆ ಬರೆಯುವುದು ಮಂಡಿಯಿಂದಲ್ಲವಲ್ಲ. ಧೈರ್ಯವಿರಲಿಲ್ಲ, ಕ್ಷಮಿಸು.

ಮುಂದಿನ ತಿಂಗಳ ಪ್ರದರ್ಶನಕ್ಕೆ ಮಗಳನ್ನೂ ಕರೆದುಕೊಂಡು ಬರುತ್ತೇನೆಂದು ಬರೆದಿದ್ದೀಯ. ಬರುವ ಮೊದಲು ನೀನು ಒಂದು ಹಳೆಯ ಕರಪತ್ರ ನೋಡಬೇಕು. ಅದನ್ನು ಮಡಚಿ ಇದೇ ಲಕೋಟೆಯಲ್ಲಿಟ್ಟಿದ್ದೇನೆ. ಕಾಗದ ಪೂರ್ತಿ ಓದಿದ ಮೇಲೆ ಬಿಡಿಸು. ಆಮೇಲೆ ಬರಬೇಕೋ ಬೇಡವೋ, ನನ್ನ ಮುಖ ನೋಡಬೇಕೋ ಬೇಡವೋ, ನೀನೇ ತೀರ್ಮಾನಿಸು.

ಮೊದಲು ಇಲ್ಲಿಯ ಸುದ್ದಿ. ಮೂವತ್ತೆರಡು ವರ್ಷದಿಂದ ಕೂಡಿಟ್ಟ ನನ್ನ ಕಸವೆಲ್ಲ ಕಳೆದ ತಿಂಗಳು ಮನೆಯಿಂದ ಸಂಗ್ರಹಾಲಯಕ್ಕೆ ಹೊರಟಿತು. ನೇಗಿಲು, ಟ್ರ್ಯಾಕ್ಟರ್, ನೀರೆತ್ತುವ ಪಂಪು, ಮೇವು ಕತ್ತರಿಸುವ ಯಂತ್ರ, ಇವುಗಳ ಜಾಹೀರಾತುಗಳೇ ಒಂಬೈನೂರು ಚಿಲ್ಲರೆ. ತಗಡಿನ ಬೋರ್ಡು, ಕ್ಯಾಲೆಂಡರು, ಕಂಪನಿಯವರು ಹಂಚಿದ ಎಣ್ಣೆ ಡಬ್ಬಿಗಳು ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಿನ್ನ ಅತ್ತಿಗೆ ಬದುಕಿದ್ದಷ್ಟು ದಿನ ಹಂಗಿಸಿದಳು. "ಮನುಷ್ಯರು ಮಲಗೋಕೆ ಜಾಗ ಇಲ್ಲ, ಟ್ರ್ಯಾಕ್ಟರ್ ಚಿತ್ರಕ್ಕೆ ಗೋಡೆ ಬೇಕಂತೆ" ಅನ್ನುತ್ತಿದ್ದಳು. ಈಗ ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತುಗಳಷ್ಟೇ ಇವೆ.

ಸಂಗ್ರಹಾಲಯದ ಮೇಡಂ ನಾಲ್ಕು ದಿನ ಬಂದು ಪಟ್ಟಿ ಮಾಡಿದರು. ಚುರುಕು ಹೆಂಗಸು, ಅವರ ಕಣ್ಣಿಗೆ ಏನೂ ತಪ್ಪುವುದಿಲ್ಲ. ಮೂರನೆಯ ದಿನ ಕೇಳಿದರು, "ಅಲ್ಲಾ ಸಾರ್, ಇಷ್ಟು ಚಿತ್ರದಲ್ಲಿ ಒಂದು ಮಿಷಿನ್ನಿಗೂ ಮುಚ್ಚಳಾನೇ ಇಲ್ವಲ್ಲ. ಆಗ ಮಾಡ್ತಾನೇ ಇರ್ಲಿಲ್ವಾ?" ಮಾಡುತ್ತಿದ್ದರು ಎಂದೆ. ಚಕ್ರದ ಹಲ್ಲಿಗೂ ಬ್ಲೇಡಿಗೂ ಕೈ ಸಿಗದಂತೆ ತಗಡಿನ ಮುಚ್ಚಳ ಇದ್ದೇ ಇರುತ್ತಿತ್ತು. ಫೋಟೋ ತೆಗೆಯುವ ದಿನ ಅದನ್ನು ಬಿಚ್ಚಿಡುವುದು ನಮ್ಮ ಕಸುಬಿನ ರೂಢಿ. ನಾನು ಫಿಟ್ಟರ್ ಆಗಿದ್ದ ಅಂಗಡಿಯಲ್ಲೂ ಹಾಗೇ. "ತಗಡಿನ ಡಬ್ಬ ನೋಡಿ ಯಾರಪ್ಪಾ ಕೊಂಡ್ಕೋತಾರೆ? ಹಲ್ಲು ಕಾಣ್ಬೇಕು, ಫಳಫಳ ಅನ್ಬೇಕು" ಎನ್ನುತ್ತಿದ್ದ ಫೋಟೋಗ್ರಾಫರ್. ಮಾಲೀಕರು ತಲೆಯಾಡಿಸುತ್ತಿದ್ದರು, ನಾನು ಬೋಲ್ಟು ಬಿಚ್ಚುತ್ತಿದ್ದೆ.

ಕೊನೆಯ ದಿನ ಮೇಡಂ ತಮ್ಮ ಚೀಲದಿಂದ ಒಂದು ಕರಪತ್ರ ತೆಗೆದರು. ಯಾರದೋ ಮನೆಯಲ್ಲಿ ಟ್ರಂಕಿನ ತಳಕ್ಕೆ ಹಾಸಿದ್ದರಂತೆ. ಹಸಿರು ಬಣ್ಣದ ಮೇವಿನ ಯಂತ್ರ, ಪಕ್ಕದಲ್ಲಿ ನಗುತ್ತ ನಿಂತ ಹೆಂಗಸು. "ಇದು ನಿಮ್ಮ ಅಂಗಡೀದೇ, ನಿಮ್ಮ ಹತ್ರಾನೇ ಇಲ್ಲ ನೋಡಿ. ಇದನ್ನ ಬಾಗಿಲಷ್ಟು ದೊಡ್ಡದು ಮಾಡ್ಸಿ ಎದುರಿಗೇ ಹಾಕ್ತೀವಿ" ಎಂದರು. ಆಮೇಲೆ ಅಂಚಿನಲ್ಲಿ ಬೆರಳಿಟ್ಟು, "ಇಲ್ಲೊಂದು ಕೈ ಮುಚ್ಚಳ ಹಿಡ್ಕೊಂಡಿದೆ. ಯಾರದು ಗೊತ್ತಾ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬಲಗೈಯನ್ನು ಜೇಬಿಗೆ ಹಾಕಿಕೊಂಡು, ಗೊತ್ತಿಲ್ಲ ಎಂದೆ.

ಚಿತ್ರದ ಕೆಳಗೆ ಹಾಕಲು ನಾಲ್ಕು ಸಾಲು ಬರೆದುಕೊಡಿ ಎಂದು ಹೇಳಿ ಹೋಗಿದ್ದಾರೆ.

ಮಗಳಿಗೆ ಹೊಸ ಕೆಲಸ ಸಿಕ್ಕಿದ್ದು ಓದಿ ಸಂತೋಷವಾಯಿತು. "ನಿಮ್ಮಪ್ಪನ ಥರ ಅವಸರ ಮಾಡ್ಬೇಡ" ಎಂದು ಹೇಳಿ ಕಳಿಸಿದೆ ಅಂತ ಬರೆದಿದ್ದೀಯ. ಆ ಸಾಲು ಓದಿ ಕಾಗದ ಕೆಳಗಿಟ್ಟವನು ಅವತ್ತು ಮತ್ತೆ ಎತ್ತಿಕೊಳ್ಳಲಿಲ್ಲ. ಕೊಟ್ಟಿಗೆಯಲ್ಲಿ ಮೇವಿನ ಯಂತ್ರಕ್ಕೆ ತೋಳು ಸಿಕ್ಕಿ ಭಾವ ತೀರಿಕೊಂಡಾಗ ಅವಳಿಗೆ ಆಗಷ್ಟೇ ವರ್ಷ ತುಂಬಿತ್ತು. ಕೆಲಸ ಬೇಗ ಮುಗಿಯಲೆಂದು ಮುಚ್ಚಳವನ್ನು ತಾನೇ ಬಿಚ್ಚಿಹಾಕಿದ ಎಂದು ಊರೆಲ್ಲ ಆಡಿಕೊಂಡಿತು, ನೀನೂ ನಂಬಿದೆ. ಬುದ್ಧಿ ಬಂದಾಗಿನಿಂದ ಅವಳು ಇದನ್ನೇ ಕೇಳಿ ಬೆಳೆದಳು. ಊಟಕ್ಕೆ ಕೂತರೂ ಸೈಕಲ್ ಹತ್ತಿದರೂ ಅದೇ ಮಾತು. ಎಷ್ಟೋ ಸಲ ನಾನೂ ಅಲ್ಲೇ ಕೂತಿರುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ.

ಬಿಸಿಲಲ್ಲಿ ಓಡಾಡಬೇಡ, ಮಾತ್ರೆ ತಪ್ಪಿಸಬೇಡ. ಹರಸುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ತಿಳಿಯದು. ಆದರೂ ತಾಯಿ ಮಗಳಿಬ್ಬರೂ ತಣ್ಣಗಿರಿ ಎಂದು ಹರಸುತ್ತೇನೆ.

ನಿನ್ನ ಅಣ್ಣ

ತಾ.ಕ.: ಈಗ ಕರಪತ್ರ ಬಿಡಿಸು. ಅಂಚಿನಲ್ಲಿರುವ ಹೆಬ್ಬೆರಳು ನೋಡು, ಉಗುರಿಲ್ಲ. ನೀನು ಐದು ವರ್ಷದವಳಿದ್ದಾಗ ಬಾಗಿಲು ಹಾಕಿ ಜಜ್ಜಿದ ಬೆರಳು ಅದು. ಗಾಳಿಗೆ ಬಾಗಿಲು ಬಡಿಯಿತೆಂದು ಅಮ್ಮನಿಗೆ ಸುಳ್ಳು ಹೇಳಿ ನಿನ್ನನ್ನು ಉಳಿಸಿದ್ದೆ. ಇನ್ನೊಂದು ಸುಳ್ಳು ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲು.

ಈ ಚಿತ್ರದಲ್ಲಿರುವ ಯಂತ್ರವನ್ನೇ, ಬಣ್ಣ ಚೆನ್ನಾಗಿದೆ ಎಂದು ಆರಿಸಿ, ನಿಮ್ಮ ಕೊಟ್ಟಿಗೆಗೆ ತಂದು ಕೂರಿಸಿದವನು ನಾನು. ಮುಚ್ಚಳ ಅಂಗಡಿಯಲ್ಲೇ ಉಳಿಯಿತು. ಫೋಟೋದ ದಿನ ಅದರ ಬೋಲ್ಟುಗಳನ್ನು ಕಳೆದುಕೊಂಡಿದ್ದೆ. ಹೊಸದು ತಂದು ನಾನೇ ಬಂದು ಹಾಕುತ್ತೇನೆ ಎಂದು ದಿನ ತಳ್ಳಿದೆ. ಹನ್ನೊಂದನೆಯ ದಿನ ಭಾವ ಹೋದರು. ವಿಚಾರಣೆಗೆ ಬಂದ ಅಧಿಕಾರಿಗೆ "ಕೊಡೋವಾಗ ಮುಚ್ಚಳ ಇತ್ತು ಸಾರ್" ಎಂದೆ. ಅದಕ್ಕೂ ಮೊದಲೇ ಮುಚ್ಚಳವನ್ನು ತಂದು ಕೊಟ್ಟಿಗೆಯ ಹಿಂದೆ ಹುಲ್ಲಿನಲ್ಲಿ ಹಾಕಿದ್ದೆ. ನೀನು ಹೆಣದ ಪಕ್ಕ ಕೂತಿದ್ದೆ.

ಈ ಕರಪತ್ರ ಯಾರ ಕಣ್ಣಿಗೂ ಬೀಳಬಾರದೆಂದು ಮನೆಮನೆಗೆ ಹೋಗಿ ಹುಡುಕಿದೆ. ಇದೊಂದನ್ನೇ ಕೇಳಿದರೆ ಅನುಮಾನ ಬರುತ್ತದೆಂದು, ಹಳೆಯ ಜಾಹೀರಾತು ಯಾವುದಿದ್ದರೂ ಕೊಡಿ ಎಂದೆ. ನನ್ನ ಸಂಗ್ರಹ ಶುರುವಾದದ್ದು ಹಾಗೆ. ಸಿಕ್ಕ ಅರವತ್ತೆರಡು ಪ್ರತಿಗಳಲ್ಲಿ ಅರವತ್ತೊಂದನ್ನು ಸುಟ್ಟೆ. ಬಚ್ಚಿಟ್ಟುಕೊಂಡಿದ್ದ ಆ ಒಂದು ನಿನ್ನ ಕೈಯಲ್ಲಿದೆ; ಮೇಡಂ ತಂದದ್ದು ನನಗೆ ಸಿಗದೆ ತಪ್ಪಿಸಿಕೊಂಡ ಪ್ರತಿ. ಮೇಡಂ ಕೇಳಿದ ಸಾಲುಗಳನ್ನು ಇವತ್ತು ಬರೆದಿಟ್ಟಿದ್ದೇನೆ, ಕೈ ಯಾರದು, ಆ ಯಂತ್ರ ಯಾರನ್ನು ಕೊಂದಿತು ಎಂದು. ಇದು ನಿನಗೆ ಗೋಡೆ ನೋಡಿ ತಿಳಿಯಬಾರದು, ಅದಕ್ಕೇ ಈ ಕಾಗದ ಮುಂಚೆ.

ಇನ್ನೊಂದು ಮಾತು. ಭಾವ ಅವಸರದವರಲ್ಲ. ಆ ಹನ್ನೊಂದು ದಿನದಲ್ಲಿ ಮೂರು ಸಲ ಅಂಗಡಿಗೆ ಬಂದಿದ್ದರು. ಮೂರನೆಯ ಸಲ ಒಳಗೂ ಬರದೆ ಬಾಗಿಲಲ್ಲೇ ನಿಂತು, "ಮಗು ನಡೆಯೋಕೆ ಕಲ್ತಿದೆ, ಕೊಟ್ಟಿಗೆ ಕಡೆಗೇ ಓಡುತ್ತೆ. ನಂಗೆ ಭಯ ಆಗುತ್ತೆ. ಆ ಮುಚ್ಚಳ ಒಂದು ಹಾಕ್ಕೊಟ್ಬಿಡಿ" ಎಂದರು. ಇದನ್ನು ಮಗಳಿಗೆ ಹೇಳು.